ಮನೆಯೂ ಉಸಿರಾಡಬೇಕು

ಶಾಲೆಯ ಸುವರ್ಣ ಮಹೋತ್ಸವದ ನಿಮಿತ್ತ ಹೊರಡುವ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಬಂಧುಗಳು ಮನೆಗೆ ಬಂದು ಕೇಳಿದರು. ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ, ನಾನು ಎಲ್ಲರ ಮನೆಗೂ ಸಂಬಂಧಿಸಿದ ಒಂದು ವಿಷಯವನ್ನು ವಿವರಿಸುತ್ತೇನೆ ಎಂದು ಒಪ್ಪಿಕೊಂಡೆ. ವಿಜ್ಞಾನದ ಪಾಠದಲ್ಲಿ ಪ್ರತಿವರ್ಷವೂ ನಾನು ಹೇಳುತ್ತಿದ್ದ ಮಾತು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು, ಗಾಳಿಯಿಲ್ಲದೆ ಕೆಲವು ನಿಮಿಷಕ್ಕಿಂತ ಹೆಚ್ಚು ಬದುಕಲಾರನು. ಆದರೆ ಮನುಷ್ಯನಂತೆ ಮನೆಯೂ ಉಸಿರಾಡಬೇಕು, ಆ ಉಸಿರಿನ ದಾರಿಯನ್ನು ಮನೆಯವರೇ ಕಾಯಬೇಕು ಎಂಬುದನ್ನು ನಾನು ಕಲಿತದ್ದು ನಿವೃತ್ತಿಯ ನಂತರ.

ಮಾಳಿಗೆಯ ಮನೆ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಹುಟ್ಟಿದ ನನ್ನ ವಯಸ್ಸಿನವರೆಲ್ಲ ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರು. ಎರಡು ಮೂರು ಅಡಿ ದಪ್ಪದ ಕರಿಕಲ್ಲಿನ ಗೋಡೆ, ಅದಕ್ಕೆ ಮಣ್ಣಿನ ಗಿಲಾಯಿ, ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಕಟ್ಟಿಗೆ ತುಂಡುಗಳ ಹಾಸು, ಎಲ್ಲದರ ಮೇಲೆ ಬಿಳಿಮಣ್ಣಿನ ಹೊದಿಕೆ. ಇಂಥ ಮನೆಯೊಳಗೆ ವೈಶಾಖದ ಮಧ್ಯಾಹ್ನದಲ್ಲಿಯೂ ತಂಪಿರುತ್ತಿತ್ತು. ಕಾರಣ ಸರಳ. ದಪ್ಪ ಮಣ್ಣನ್ನೂ ಕಲ್ಲನ್ನೂ ದಾಟಿ ಒಳಗೆ ಬರಲು ಬಿಸಿಲಿನ ಕಾವಿಗೆ ಅನೇಕ ಗಂಟೆಗಳು ಬೇಕು. ಹಗಲಿನ ಕಾವು ಒಳಗೆ ತಲುಪುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತಿತ್ತು, ನಾವು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದೆವು.

ಆ ಮನೆಗೆ ಕಿಟಕಿಗಳು ಕಡಮೆ. ಆದರೆ ಮಾಳಿಗೆಯ ನಡುವೆ ಬೆಳಕಿಂಡಿ ಇರುತ್ತಿತ್ತು. ಕಾದ ಗಾಳಿ ಹಗುರವಾದುದು, ಮೇಲಕ್ಕೇರುತ್ತದೆ. ಒಲೆಯ ಹೊಗೆ, ಜನರ ಉಸಿರು, ದನಗಳ ಉಸಿರು ಎಲ್ಲವೂ ಬೆಳಕಿಂಡಿಯ ಮೂಲಕ ಹೊರಗೆ ಹೋಗುತ್ತಿದ್ದವು. ಅಷ್ಟೇ ಪ್ರಮಾಣದ ತಂಪು ಗಾಳಿ ತಲೆಬಾಗಿಲಿನಿಂದ ಒಳಗೆ ಬರುತ್ತಿತ್ತು. ಮಳೆ ಬಂದರೆ ಅದರ ಮೇಲೆ ಕಲ್ಲುಚಪ್ಪಡಿಯನ್ನೋ ಒಡೆದ ಗಡಿಗೆಯನ್ನೋ ಮುಚ್ಚುವುದು ಮಕ್ಕಳ ಕೆಲಸ. ಮಳೆ ನಿಂತ ಮೇಲೆ ತೆಗೆಯುವುದೂ ಮಕ್ಕಳ ಕೆಲಸವೇ. ಅದನ್ನು ಮರೆತರೆ ಅಡಿಗೆ ಮನೆಯಿಂದ ಬೈಗಳು ತಪ್ಪುತ್ತಿರಲಿಲ್ಲ.

ನಾವು ಹೊತ್ತ ಮಣ್ಣು

ಮಾಳಿಗೆಗೆ ವರ್ಷಕ್ಕೊಮ್ಮೆ ಆರೈಕೆ ಬೇಕಿತ್ತು. ಅಕ್ಷಯ ತೃತೀಯ ಕಳೆದು ಮೃಗಶಿರ ಮಳೆ ಬರುವುದರೊಳಗೆ ಹುಲ್ಲು ಕಿತ್ತು, ಇಲಿಯ ಬಿಲಗಳನ್ನು ಮುಚ್ಚಿ, ನೀರು ಹೊರಗೆ ಬೀಳುವ ದೋಣಿಗಳಲ್ಲಿಯ ಕಸ ತೆಗೆದು, ಸೋರುವ ಕಡೆ ಹೊಸ ಮಣ್ಣನ್ನು ಹಾಕಿ ಬಡಿಯಬೇಕು. ಸೋದರಮಾವನ ಊರು ಉಮರ್ಗಾ ತಾಲೂಕಿನಲ್ಲಿತ್ತು. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋದಾಗ ಬುಟ್ಟಿಯಲ್ಲಿ ಮಣ್ಣನ್ನು ಹೊತ್ತು ಏಣಿ ಏರುವುದು ನಮಗೆ ಆಟವಾಗಿತ್ತು. ಹಳೆಯ ಮಣ್ಣನ್ನು ತೆಗೆದು ಹೊಸದನ್ನು ಹಾಕುವುದು ಸರಿಯಾದ ಕ್ರಮ. ಆದರೆ ತೆಗೆಯುವುದು ಕಷ್ಟದ ಕೆಲಸ, ಸೇರಿಸುವುದು ಸುಲಭದ ಕೆಲಸ. ಆದುದರಿಂದ ಮಾವನೂ ಊರಿನವರೂ ವರ್ಷವರ್ಷವೂ ಹಳೆಯದರ ಮೇಲೆ ಹೊಸದನ್ನು ಸೇರಿಸುತ್ತ ಹೋದರು. ಒಂದು ಗೇಣಿದ್ದ ಮಾಳಿಗೆ ಎರಡು ಗೇಣಾಯಿತು, ಮೂರು ಗೇಣಾಯಿತು. ಮಳೆ ಸೋರಲಿಲ್ಲ; ಮನೆ ಇನ್ನಷ್ಟು ತಂಪಾಯಿತು; ಎಲ್ಲರಿಗೂ ಸಂತೋಷವಾಯಿತು.

1993ರ ಸಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ವಿಸರ್ಜಿಸಿ ಜನರು ತಡವಾಗಿ ಮಲಗಿದ್ದರು. ಮರುದಿನ ನಸುಕಿನ ನಾಲ್ಕು ಗಂಟೆಗೆ ಕೆಲವು ನಿಮಿಷಗಳು ಉಳಿದಿರುವಾಗ ಕಿಲ್ಲಾರಿಯ ಸುತ್ತಿನ ನೆಲ ನಡುಗಿತು. ಭೂಕಂಪದ ಪ್ರಮಾಣ ಸುಮಾರು 6.2. ಆಗಿನ ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ನಿದ್ದೆಯಲ್ಲಿಯೇ ತೀರಿಕೊಂಡರು. ತರುವಾಯ 52 ಗ್ರಾಮಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅಷ್ಟೊಂದು ಸಾವಿಗೆ ಕಾರಣವೇನೆಂದು ತಜ್ಞರು ಪರೀಕ್ಷಿಸಿದಾಗ ಎರಡು ದೋಷಗಳು ಎದ್ದು ಕಂಡವು. ಗೋಡೆಯ ಒಳಮುಖ ಮತ್ತು ಹೊರಮುಖಗಳನ್ನು ಹಿಡಿದು ಕಟ್ಟುವ ಅಡ್ಡಕಲ್ಲುಗಳು ಇರಲಿಲ್ಲ. ಮೇಲೆ ಮಣ್ಣಿನ ಭಾರ ಮಿತಿಮೀರಿತ್ತು. ಸೋದರಮಾವ, ಅತ್ತೆ ಮತ್ತು ಅವರ ಕಿರಿಯ ಮಗಳನ್ನು ಆ ಮಾಳಿಗೆಯ ಕೆಳಗಿನಿಂದ ಮರುದಿನ ಸಂಜೆ ತೆಗೆದೆವು. ಆ ಮಣ್ಣನ್ನು ಹೊತ್ತವರಲ್ಲಿ ನಾನೂ ಒಬ್ಬನು.

ಇದನ್ನು ಯಾರನ್ನೂ ದೂರಲು ಬರೆಯುತ್ತಿಲ್ಲ. ಮಣ್ಣಿನ ಮಾಳಿಗೆ ಕೆಟ್ಟದ್ದೆಂದೂ ಹೇಳುತ್ತಿಲ್ಲ. ಉಳಿದ ಹಳೆಯ ಮನೆಗಳಿಗೆ ತಜ್ಞರು ಹೇಳಿದ ಉಪಾಯಗಳಲ್ಲಿ ಮೊದಲನೆಯದು ಮಾಳಿಗೆಯ ಮಣ್ಣನ್ನು ಇಳಿಸಿ ಹಗುರ ಮಾಡುವುದೇ ಆಗಿತ್ತು. ಆರೈಕೆ ಎಂದರೆ ಸೇರಿಸುವುದಲ್ಲ, ಹೆಚ್ಚಾದುದನ್ನು ತೆಗೆಯುವುದು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿವರಣೆಗೂ ಇದೇ ಆಧಾರ.

ಬೆಳಕಿಂಡಿ ಇಲ್ಲದ ಮನೆ

ಭೂಕಂಪದ ನಂತರ ನಮ್ಮ ಭಾಗದಲ್ಲಿ ಸಿಮೆಂಟಿನ ಮನೆಗಳೂ ತಗಡಿನ ಮನೆಗಳೂ ಎದ್ದವು. ಪ್ರಾಣಭಯ ಕಡಮೆಯಾಯಿತು, ಅದು ದೊಡ್ಡ ಲಾಭ. ಆದರೆ ಮಾಳಿಗೆಯೊಡನೆ ಬೆಳಕಿಂಡಿಯೂ ಹೋಯಿತು. ತೆಳುವಾದ ಸಿಮೆಂಟಿನ ಚಾವಣಿ ಸಂಜೆಯೊಳಗೆ ಹಂಚಿನಂತೆ ಕಾಯುತ್ತದೆ. ಅನುಕೂಲವುಳ್ಳವರು ಎ.ಸಿ. ಹಾಕಿಸಿ ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಾರೆ. ಮನೆಗಳಲ್ಲಿ ಹಾಕಿಸುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುತಿರುಗಿ ತಂಪುಮಾಡುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ನಾಲ್ವರು ಮಲಗಿದ ಮುಚ್ಚಿದ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ ಇಂಗಾಲದ ಡೈಆಕ್ಸೈಡೂ ತೇವವೂ ಹೆಚ್ಚಿ ತಲೆ ಭಾರವಾಗುತ್ತದೆ. ಕಿಟಕಿ ತೆರೆದರೆ ತಂಪು ಹೋಗುತ್ತದೆ. ಮುಚ್ಚಿದರೆ ಉಸಿರು ಕೆಡುತ್ತದೆ. ಇದೇ ಸಮಸ್ಯೆ ಶೀತದೇಶಗಳಲ್ಲಿ ಇನ್ನೂ ಕಠಿಣ. ಅದರ ಪರಿಹಾರವನ್ನು ನಾನು ಕಣ್ಣಾರೆ ಕಂಡದ್ದು ಕೆನಡಾ ದೇಶದಲ್ಲಿ.

ಎರಡು ಗಾಳಿಗಳು ಭೇಟಿಯಾಗುವ ಪೆಟ್ಟಿಗೆ

ಮಗನು ಅಲ್ಲಿ ಉದ್ಯೋಗದಲ್ಲಿರುವುದರಿಂದ ಒಂದು ಚಳಿಗಾಲವನ್ನು ಅವನ ಮನೆಯಲ್ಲಿ ಕಳೆಯುವ ಪ್ರಸಂಗ ಬಂದಿತು. ಹೊರಗೆ ಹಿಮ, ಒಳಗೆ ಬೆಚ್ಚಗೆ. ಆದರೆ ಕಿಟಕಿಯ ಗಾಜುಗಳ ಮೇಲೆ ದಿನವಿಡೀ ನೀರು ಇಳಿಯುತ್ತಿತ್ತು, ಮೂಲೆಯ ಗೋಡೆಯಲ್ಲಿ ಕರಿ ಬೂಷ್ಟು ಹಿಡಿದಿತ್ತು. ಈ ಮನೆಗೆ ಬೆಳಕಿಂಡಿ ಎಲ್ಲಿದೆ ಎಂದು ಕೇಳಿದೆ. ಮಗನು ನಕ್ಕು, ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಒಂದು ತಗಡಿನ ಪೆಟ್ಟಿಗೆಯನ್ನು ತೋರಿಸಿದನು. ಅದಕ್ಕೆ ಎನರ್ಜಿ ರಿಕವರಿ ವೆಂಟಿಲೇಟರ್, ಸಂಕ್ಷೇಪವಾಗಿ ಇ.ಆರ್.ವಿ. ಎನ್ನುತ್ತಾರೆ. ಶಕ್ತಿಯನ್ನು ಮರಳಿ ಪಡೆಯುವ ಗಾಳಿಯಂತ್ರ ಎಂದು ನಾವು ಕರೆಯಬಹುದು.

ಅದರ ತತ್ತ್ವ ನಮ್ಮ ಅಡಿಗೆ ಮನೆಯಲ್ಲಿಯೇ ಇದೆ. ಬಿಸಿ ಹಾಲಿನ ತಂಬಿಗೆಯನ್ನು ತಣ್ಣೀರಿನ ಪರಾತದಲ್ಲಿಟ್ಟರೆ ಹಾಲು ನೀರಿನೊಡನೆ ಬೆರೆಯುವುದಿಲ್ಲ. ಕಾವು ಮಾತ್ರ ದಾಟುತ್ತದೆ. ಪೆಟ್ಟಿಗೆಯೊಳಗೆ ಎರಡು ಫ್ಯಾನುಗಳಿವೆ. ಒಂದು ಮನೆಯ ಕೆಟ್ಟ ಗಾಳಿಯನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಹೊರಗಿನ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ನಡುವೆ ತೆಳು ಪದರುಗಳ ಒಂದು ಗಟ್ಟಿ ಇದೆ. ಅದಕ್ಕೆ ಕೋರ್ ಎನ್ನುತ್ತಾರೆ. ಎರಡು ಗಾಳಿಗಳು ಪದರಿನ ಆಚೆ ಈಚೆ ಹರಿಯುವಾಗ ಹೋಗುವ ಗಾಳಿಯ ಕಾವು ಬರುವ ಗಾಳಿಗೆ ದಾಟುತ್ತದೆ. ಇ.ಆರ್.ವಿ.ಯಲ್ಲಿ ತೇವದ ಒಂದು ಭಾಗವೂ ದಾಟುತ್ತದೆ. ಕಾವನ್ನು ಮಾತ್ರ ದಾಟಿಸುವ ಯಂತ್ರಕ್ಕೆ ಎಚ್.ಆರ್.ವಿ. ಎಂದು ಹೆಸರು. ಕೆನಡಾದ ರೆಜೈನಾ ನಗರದಲ್ಲಿ 1977ರಲ್ಲಿ ಕಟ್ಟಿದ ಸಾಸ್ಕಾಚೆವಾನ್ ಕನ್ಸರ್ವೇಶನ್ ಹೌಸ್ ಎಂಬ ಪ್ರಾಯೋಗಿಕ ಮನೆಯಲ್ಲಿ ಇಂಥ ಏರ್ಪಾಡು ಆಗಲೇ ಇತ್ತು.

ಒಂದು ಲೆಕ್ಕ ಮಾಡೋಣ. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ; ಅಂತರ 30. ಯಂತ್ರವು ಶೇಕಡಾ 70ರಷ್ಟು ಕಾವನ್ನು ಮರಳಿಸಿದರೆ ಬರುವ ಗಾಳಿ 21 ಡಿಗ್ರಿ ಏರಿ 11 ಡಿಗ್ರಿಯಾಗುತ್ತದೆ. ಉಳಿದ 9 ಡಿಗ್ರಿಗೆ ಮಾತ್ರ ಉರುವಲು ಸಾಕು. ಬೇಸಿಗೆಯಲ್ಲಿ ಇದೇ ಕೆಲಸ ತಿರುಗುಮುರುಗಾಗುತ್ತದೆ. ಹೊರಗೆ 42, ಎ.ಸಿ. ಕೋಣೆಯಲ್ಲಿ 27 ಇದ್ದರೆ ಬರುವ ಗಾಳಿ ಸುಮಾರು 31.5 ಡಿಗ್ರಿಗೆ ಇಳಿದಿರುತ್ತದೆ.

ಆರೈಕೆಯ ಕ್ರಮ

ಹಾಗಿದ್ದರೆ ಮಗನ ಮನೆಯ ಗಾಜುಗಳು ಏಕೆ ಅಳುತ್ತಿದ್ದವು? ನೋಡಲು ಬಂದ ರಿಪೇರಿಯವನೊಬ್ಬನು ಯಂತ್ರ ಹಳೆಯದಾಯಿತು, ಹೊಸದನ್ನು ಹಾಕಿಸಿರಿ ಎಂದು ಹೇಳಿ ದೊಡ್ಡ ಮೊತ್ತವನ್ನು ಬರೆದುಕೊಟ್ಟಿದ್ದನು. ನಾನೂ ಮಗನೂ ಯಂತ್ರದ ಕೈಪಿಡಿಯನ್ನು ಮುಂದಿಟ್ಟುಕೊಂಡು ಅದನ್ನು ಬಿಚ್ಚಿದೆವು. ಫಿಲ್ಟರುಗಳ ಮೇಲೆ ಕಂಬಳಿಯಂತೆ ಧೂಳು. ಹೊರಗೋಡೆಯಲ್ಲಿ ಗಾಳಿ ಒಳಬರುವ ಬಾಯಿಯ ಜಾಳಿಗೆಗೆ ಒಣಹುಲ್ಲೂ ಹತ್ತಿಯಂಥ ಎಳೆಗಳೂ ಮೆತ್ತಿದ್ದವು. ನನಗೆ ಸೋದರಮಾವನ ಮಾಳಿಗೆ ನೆನಪಾಯಿತು. ಇಲ್ಲಿಯೂ ಎಲ್ಲರೂ ಸೇರಲು ಬಿಟ್ಟಿದ್ದರು, ಯಾರೂ ತೆಗೆದಿರಲಿಲ್ಲ. ಹೊರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಅಂದು ಮಾಡಿದ ಕೆಲಸಗಳನ್ನು ಕ್ರಮವಾಗಿ ಬರೆಯುತ್ತೇನೆ.

ಒಂದು: ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕೀಳಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು.

ಎರಡು: ಫಿಲ್ಟರುಗಳನ್ನು ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ತೊಳೆಯುವಂಥವನ್ನು ತೊಳೆದು ಪೂರ್ತಿ ಒಣಗಿಸಿ ಹಾಕಬೇಕು, ಕಾಗದದಂಥವನ್ನು ಬದಲಿಸಬೇಕು. ಹಳೆಯ ಫಿಲ್ಟರಿನ ಮೇಲೆ ಇನ್ನೊಂದನ್ನು ಎಂದಿಗೂ ಸೇರಿಸಬಾರದು.

ಮೂರು: ಕೋರನ್ನು ವರ್ಷಕ್ಕೊಮ್ಮೆಯಾದರೂ ಮೆಲ್ಲಗೆ ಹೊರತೆಗೆದು ಧೂಳು ತೆಗೆಯಬೇಕು. ಕೆಲವು ಕೋರುಗಳನ್ನು ನೀರಿನಲ್ಲಿ ತೊಳೆಯಬಹುದು. ತೇವವನ್ನು ದಾಟಿಸುವ ಕೆಲವು ಪದರುಗಳು ನೀರು ತಾಗಿದರೆ ಕೆಡುತ್ತವೆ. ಕೈಪಿಡಿಯನ್ನು ಓದದೆ ತೊಳೆಯಬಾರದು. ತೆಗೆಯುವಾಗ ಯಾವ ಮುಖ ಯಾವ ಕಡೆ ಇತ್ತೆಂದು ಗುರುತು ಮಾಡಿಕೊಳ್ಳಬೇಕು.

ನಾಲ್ಕು: ಹೊರಗೋಡೆಯ ಎರಡೂ ಬಾಯಿಗಳಲ್ಲಿ ಎಲೆ, ಹುಳು, ಹಿಮ ಕಟ್ಟಿಲ್ಲವೆಂದು ಆಗಾಗ ನೋಡಬೇಕು. ಒಳಬರುವ ಬಾಯಿ ಕಟ್ಟಿದರೆ ಯಂತ್ರವು ಗಾಳಿಯನ್ನು ಹೊರಗೆ ಮಾತ್ರ ತಳ್ಳುತ್ತದೆ. ಆಗ ಹೊಗೆಕೊಳವೆಯ ಹೊಗೆ ಮನೆಯೊಳಗೆ ಮರಳುವ ಅಪಾಯವುಂಟು.

ಐದು: ನೀರು ಬಸಿಯುವ ಕೊಳವೆ ಇದ್ದರೆ ಒಂದು ಲೋಟ ನೀರನ್ನು ಹೊಯ್ದು ಸರಾಗವಾಗಿ ಹೋಗುವುದನ್ನು ಖಚಿತಪಡಿಸಿಕೊಳ್ಳಬೇಕು. ನಮಗೆ ಅಲ್ಲಿ ಪಾಚಿ ಸಿಕ್ಕಿತು.

ಆರು: ಫ್ಯಾನಿನ ಎಲೆಗಳ ಧೂಳನ್ನು ಮೆತ್ತಗಿನ ಕುಂಚದಿಂದ ತೆಗೆಯಬೇಕು. ಎಲ್ಲ ಮಾಡಿದ ಮೇಲೂ ಶಬ್ದವಿದ್ದರೆ, ಅಥವಾ ಹೋಗುವ ಗಾಳಿಗೂ ಬರುವ ಗಾಳಿಗೂ ಸಮತೋಲ ತಪ್ಪಿದ್ದರೆ, ಅಳೆಯುವ ಉಪಕರಣವುಳ್ಳ ಬಲ್ಲವರನ್ನು ಕರೆಯಬೇಕು.

ಇಷ್ಟಕ್ಕೆ ಒಂದು ರವಿವಾರದ ಮುಂಜಾನೆ ಸಾಕಾಯಿತು. ವಾರದೊಳಗೆ ಗಾಜುಗಳು ಒಣಗಿದವು. ಬೂಷ್ಟನ್ನು ಒರೆಸಿದ ಮೂಲೆಯಲ್ಲಿ ನಾನು ಇರುವ ತನಕ ಅದು ಮರಳಿ ಬರಲಿಲ್ಲ. ಹೊಸ ಯಂತ್ರವನ್ನು ಕೊಳ್ಳುವ ಮಾತು ಅಲ್ಲಿಗೇ ನಿಂತಿತು.

ನಮ್ಮ ಮನೆಗಳಲ್ಲಿ ಮಾಡಬಹುದಾದುದು

ನಮ್ಮ ಊರುಗಳ ಮನೆಗಳಿಗೆ ಇ.ಆರ್.ವಿ. ಬೇಕೇ ಬೇಕೆಂದು ನಾನು ಹೇಳಲಾರೆ. ಆದರೆ ಅದರ ನೀತಿ ನಮಗೂ ಸಲ್ಲುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೂಲರ್. ಅದು ಹೊರಗಿನ ಗಾಳಿಯನ್ನೇ ತಂಪುಮಾಡಿ ತರುವುದರಿಂದ, ಬಂದ ಗಾಳಿ ಹೊರಹೋಗಲು ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಇಲ್ಲವಾದರೆ ಕೋಣೆ ತೇವದಿಂದ ಬೇಯುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ಒಣಗಿಸಬೇಕು, ಏಕೆಂದರೆ ಡೆಂಗ್ಯೂ ಹರಡುವ ಸೊಳ್ಳೆ ಅಂಥ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಹಳೆಯ ನೀರನ್ನು ಗಿಡಗಳಿಗೆ ಹಾಕಬಹುದು. 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದುದನ್ನು ಕಂಡ ನಾವು ಒಂದು ಕೊಡವನ್ನೂ ವ್ಯರ್ಥಮಾಡಬಾರದು. ಉಪ್ಪುಗಟ್ಟಿದ ಹುಲ್ಲಿನ ಪರದೆಗಳನ್ನು ಬೇಸಿಗೆಯ ಆರಂಭದಲ್ಲಿ ಬದಲಿಸಬೇಕು. ಎ.ಸಿ. ಇದ್ದವರು ಅದರ ಜಾಳಿಗೆಯನ್ನು ಆಗಾಗ ತೊಳೆದು, ಮಲಗುವ ಮುನ್ನ ಸ್ವಲ್ಪ ಹೊತ್ತು ಕಿಟಕಿ ತೆರೆಯಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಶೇಗಡಿಯನ್ನೂ, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರನ್ನೂ ಎಂದಿಗೂ ಉರಿಸಬಾರದು. ಅವುಗಳಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದು ಎಚ್ಚರಿಸದೆಯೇ ಕೊಲ್ಲುತ್ತದೆ.

ಕೊನೆಗೆ ನಮ್ಮ ಶಾಲೆಯ ಮಾತು. ಸಮಿತಿಯವರೊಡನೆ ತರಗತಿಗಳನ್ನು ನೋಡಲು ಹೋದಾಗ, ಗೋಡೆಯ ಮೇಲ್ಭಾಗದ ಗವಾಕ್ಷಿಗಳಲ್ಲಿ ಹಲವನ್ನು ರಟ್ಟಿನಿಂದ ಮುಚ್ಚಿರುವುದನ್ನು ಕಂಡೆ. ಯಾವುದೋ ಮಳೆಗಾಲದಲ್ಲಿ ಮುಚ್ಚಿದ್ದು, ಮತ್ತೆ ಯಾರೂ ತೆಗೆದಿಲ್ಲ. ಬಹುಶಃ ನನ್ನ ಕಾಲದಲ್ಲಿಯೇ ಮುಚ್ಚಿದ್ದಿರಬಹುದು. ಸಮಾರಂಭಕ್ಕೆ ದೂರದಿಂದ ಬರುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಬೇಕೆಂದು ಕೇಳುತ್ತಿದ್ದಾರೆ. ಕೊಡುವುದಕ್ಕೆ ಮೊದಲು ಒಂದನ್ನು ತೆಗೆಯೋಣ. ಸಭೆ ಆರಂಭವಾಗುವ ಮುನ್ನ ಎರಡು ಏಣಿಗಳನ್ನು ತಂದು ಆ ರಟ್ಟುಗಳನ್ನು ಇಳಿಸೋಣ. ಏಣಿಯನ್ನು ಹಿಡಿಯಲು ನಾನು ಬರುತ್ತೇನೆ.