ಸೊಪ್ಪು ಗದ್ದೆಯಲ್ಲಿಯೇ ಬೆಳೆಯಲಿ

ಕಾಸರಗೋಡಿನ ನಮ್ಮ ಹಿರಿಯರಿಗೆ ಬೇಸಾಯವೆಂದರೆ ಗದ್ದೆಯೊಂದೇ ಆಗಿರಲಿಲ್ಲ; ಗದ್ದೆಯ ಬೆನ್ನಿಗೆ ಸೊಪ್ಪಿನ ಗುಡ್ಡವೂ ಇರಬೇಕಾಗಿತ್ತು. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗದ ಭೂಮಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ಕೊಯ್ಯುವ ಕುಮ್ಕಿ ಹಕ್ಕು ರೈತನಿಗಿತ್ತು. ಹೆಂಗಸರು ತಲೆಹೊರೆಯಲ್ಲಿ ತಂದ ಸೊಪ್ಪು ಹಟ್ಟಿಗೆ ಬಿದ್ದು, ದನಗಳ ಕಾಲಡಿ ಗೊಬ್ಬರವಾಗಿ ಗದ್ದೆ ಸೇರುತ್ತಿತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಬಳಿಕವೂ ಈ ಕ್ರಮ ಬಹುಕಾಲ ನಡೆದು ಬಂದಿತು.

ಇಂದು ಆ ಗುಡ್ಡಗಳಲ್ಲಿ ಹಲವು ರಬ್ಬರ್ ತೋಟಗಳಾಗಿವೆ. ಹಟ್ಟಿಯಲ್ಲಿ ದನಗಳು ಕಡಿಮೆಯಾಗಿವೆ. ಸೊಪ್ಪು ಹೊರುವವರೂ ವಿರಳ. ನಮ್ಮದು ಮುರಕಲ್ಲಿನ ಮಣ್ಣು. ಮಳೆಗಾಲದ ಭಾರಿ ಮಳೆ ಅದರ ಸಾರವನ್ನು ತೊಳೆದೊಯ್ಯುತ್ತದೆ. ಸೊಪ್ಪಿಲ್ಲದ ಮಣ್ಣಿಗೆ ಬರಿಯ ಯೂರಿಯಾ ಎರಚಿದರೆ ಅದರಲ್ಲಿಯೂ ಬಹುಪಾಲು ನೀರುಪಾಲಾಗುವುದು. ಗುಡ್ಡದಿಂದ ತರಲಾಗದ ಸೊಪ್ಪನ್ನು ಗದ್ದೆಯಲ್ಲಿಯೇ ಬೆಳೆಯುವುದು ಇದಕ್ಕೊಂದು ಪರಿಹಾರ.

ಸೆಣಬು, ಡಯಾಂಚ, ಅಲಸಂಡೆ ಮುಂತಾದ ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಚೆನ್ನಾಗಿ ಬೆಳೆದ ಡಯಾಂಚವನ್ನು ಉತ್ತು ಸೇರಿಸಿದರೆ ಹೆಕ್ಟೇರಿಗೆ 60ರಿಂದ 80 ಕಿಲೋ ಸಾರಜನಕ ಮಣ್ಣಿಗೆ ದೊರೆಯುತ್ತದೆ. ಎಕರೆಯ ಲೆಕ್ಕದಲ್ಲಿ ಇದು 45 ಕಿಲೋದ ಒಂದು ಚೀಲ ಯೂರಿಯಾದಲ್ಲಿರುವುದಕ್ಕಿಂತ ಹೆಚ್ಚು. ಜೊತೆಗೆ ಮಣ್ಣು ಸಡಿಲಗೊಂಡು ತೇವವನ್ನು ಹಿಡಿದಿಡುತ್ತದೆ.

ಏಪ್ರಿಲ್ ತಿಂಗಳ ಬೇಸಗೆ ಮಳೆ ಬಿದ್ದೊಡನೆ ಗದ್ದೆಯನ್ನು ಉತ್ತು, ಎಕರೆಗೆ ಸುಮಾರು 20 ಕಿಲೋ ಡಯಾಂಚ ಬೀಜ ಬಿತ್ತಬೇಕು. ನೀರು ನಿಲ್ಲುವ ಬೈಲು ಗದ್ದೆಗೂ ಉಪ್ಪಿನಂಶವಿರುವ ಗದ್ದೆಗೂ ಇದು ಒಗ್ಗುತ್ತದೆ. ಸೆಣಬು ನಿಂತ ನೀರನ್ನು ತಾಳದು. ಅದು ಮಜಲು, ಬೆಟ್ಟು ಗದ್ದೆಗಳಿಗೆ ತಕ್ಕುದು. ನಲವತ್ತೈದು ದಿನಗಳ ಸುಮಾರಿಗೆ, ಹೂ ಬಿಡುವ ಹೊತ್ತಿಗೆ, ಗಿಡವನ್ನು ಉತ್ತು ಮಣ್ಣಿಗೆ ಸೇರಿಸಬೇಕು. ಇಲ್ಲಿ ತಡಮಾಡಬಾರದು. ದಂಟು ಬಲಿತು ನಾರಾದರೆ ಬೇಗ ಕೊಳೆಯದು. ಅದನ್ನು ಕೊಳೆಸುವ ಜೀವಿಗಳೇ ಮಣ್ಣಿನ ಸಾರಜನಕವನ್ನು ಬಳಸಿಕೊಂಡು, ನೆಟ್ಟ ನೇಜಿ ಹಳದಿಯಾಗುವುದುಂಟು. ಉತ್ತ ಬಳಿಕ ಒಂದೆರಡು ವಾರ ಕೊಳೆಯಲು ಬಿಟ್ಟು ನಾಟಿ ಮಾಡುವುದು ಲೇಸು.

ತೋಟವಿರುವವರಿಗೂ ದಾರಿಯಿದೆ. ಮುಂಗಾರಿನ ಆರಂಭದಲ್ಲಿ ತೆಂಗಿನ ಬುಡದ ಸುತ್ತ ಆರಡಿಯವರೆಗೆ ಅಲಸಂಡೆ ಬಿತ್ತಿ, ಹೂ ಬಿಡುವಾಗ ಅಲ್ಲಿಯೇ ಮಣ್ಣಿಗೆ ಸೇರಿಸಬಹುದು. ಬೇಲಿಗೆ ಗ್ಲಿರಿಸಿಡಿಯ ಗೂಟ ನೆಟ್ಟರೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿಯಬಹುದು. ಆದರೆ ಹಸಿರು ಗೊಬ್ಬರವೊಂದರಿಂದಲೇ ಎಲ್ಲವೂ ಪೂರೈಸದು. ರಂಜಕ, ಪೊಟಾಷುಗಳ ಕೊರತೆಯನ್ನು ಬೇರೆಯಾಗಿ ತುಂಬಬೇಕು; ಹುಳಿ ಮಣ್ಣಿಗೆ ಸುಣ್ಣವೂ ಬೇಕು.

ಇದರಲ್ಲಿ ಒಬ್ಬನೇ ರೈತನಿಂದಾಗದ ಕೆಲಸವೊಂದಿದೆ. ಬೇಸಗೆಯಲ್ಲಿ ಬೈಲಿಗೆ ದನ ಬಿಡುವ ರೂಢಿ ಇರುವಲ್ಲಿ ಒಂಟಿ ಗದ್ದೆಯ ಎಳೆ ಸೊಪ್ಪು ಉಳಿಯದು. ಬೈಲಿನ ಮನೆಯವರೆಲ್ಲರೂ ಕೂಡಿ ಮಾತನಾಡಿ, ಏಪ್ರಿಲಿನಿಂದ ಜೂನಿನವರೆಗೆ ದನ ಕಟ್ಟಿ ಸಾಕುವ ಕಟ್ಟುಪಾಡು ಮಾಡಿಕೊಂಡರೆ ಮಾತ್ರ ಇದು ಕೈಗೂಡೀತು. ನೆರೆಮನೆಯವರೊಡನೆ ಈ ಮಾತನ್ನು ಸುಗ್ಗಿ ಕೊಯ್ಲು ಮುಗಿಯುವ ಮೊದಲೇ ಆಡಿಡುವುದು ಒಳ್ಳೆಯದು. ಮೊದಲ ವರ್ಷಕ್ಕೆ ಒಂದೇ ಗದ್ದೆ ಸಾಕು. ಪಕ್ಕದ ಗದ್ದೆಯೊಡನೆ ಹೋಲಿಸಿ ನೋಡಿ ಮುಂದಿನದನ್ನು ನಿರ್ಧರಿಸೋಣ.