ಯುದ್ಧ ಮುಗಿದ 74 ವರ್ಷಕ್ಕೆ ಬಂದ ಕಾರ್ಡು

ಎರಡನೇ ಮಹಾಯುದ್ಧ ಮುಗಿದದ್ದು 1945ರಲ್ಲಿ. ಆ ಯುದ್ಧದಲ್ಲಿದ್ದು ಪಿಂಚಣಿಯಿಲ್ಲದೆ ಮನೆಗೆ ಮರಳಿದ ಸೈನಿಕರನ್ನು ಮಾಜಿ ಸೈನಿಕರ ಆರೋಗ್ಯ ಯೋಜನೆಗೆ, ಅಂದರೆ ಇಸಿಎಚ್‌ಎಸ್‌ಗೆ ಸೇರಿಸಿಕೊಳ್ಳಲು ಕೇಂದ್ರ ಸಂಪುಟ ಒಪ್ಪಿದ್ದು 2019ರ ಮಾರ್ಚ್ 7ರಂದು. ಇಪ್ಪತ್ತರ ಹರೆಯದಲ್ಲಿ ಯುದ್ಧಕ್ಕೆ ಹೋದವರು ಆಗ ಬದುಕಿದ್ದರೆ ತೊಂಬತ್ತು ದಾಟಿದವರು. ಈ ಎರಡು ದಿನಾಂಕಗಳ ನಡುವಿನ ಅಂತರ ನನ್ನನ್ನು ಬಹಳ ಕಾಡಿದೆ.

ಯುದ್ಧದ ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ದಕ್ಷಿಣದವರು ಯುದ್ಧಕ್ಕೆ ಹೇಳಿ ಮಾಡಿಸಿದವರಲ್ಲ ಎಂದು ಬ್ರಿಟಿಷರು ತೀರ್ಮಾನಿಸಿ, ಮದ್ರಾಸಿನ ಪದಾತಿ ಪಲ್ಟನ್‌ಗಳನ್ನು 1920ರ ದಶಕದಲ್ಲಿ ಮುಚ್ಚಿಬಿಟ್ಟಿದ್ದರು. ಯುದ್ಧ ಬಂದು ಜನ ಸಾಲದಾದಾಗ, 1941ರಲ್ಲಿ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಅಷ್ಟರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸಹ ಭರ್ತಿಯ ವೇಗ ಹೆಚ್ಚಿಸಿತ್ತು. ಯುದ್ಧ ಮುಗಿಯಿತು, ಪಡೆ ಕಿರಿದಾಯಿತು, ಬಿಡುಗಡೆ ಪತ್ರ ಕೈಗೆ ಬಂತು. ಊರಿಗೆ ಬಂದವರಿಗೆ ಗದ್ದೆ, ತೋಟ, ಹೆಂಚಿನ ಕಾರ್ಖಾನೆ. ಸಿಪಾಯಿಯ ಪಿಂಚಣಿಗೆ ಹದಿನೈದು ವರ್ಷದ ಸೇವೆ ಬೇಕು. ಯುದ್ಧ ಅಷ್ಟು ವರ್ಷ ನಡೆಯಲಿಲ್ಲ.

ಸಿಪಾಯಿಯ ಸಂಬಳದ ಕಥೆಯೂ ಹೀಗೇ ನಿಧಾನದ್ದು. 19ನೇ ಶತಮಾನದ ಬಹುಪಾಲು ತಿಂಗಳಿಗೆ ಏಳು ರೂಪಾಯಿ. 1895ರಲ್ಲಿ ಒಂಬತ್ತಾಯಿತು. ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿದವರಿಗೆ ಹನ್ನೊಂದು. ತನ್ನ ಊಟದ ಖರ್ಚನ್ನೂ ಸಿಪಾಯಿ ಬಹುಕಾಲ ಅದರಲ್ಲೇ ನೋಡಿಕೊಳ್ಳಬೇಕಿತ್ತು.

ಇತ್ತೀಚಿನ ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಸಿಪಾಯಿ ಮೂರನೇ ಹಂತದವನು, ಮೂಲ ವೇತನ 21,700 ರೂಪಾಯಿಯಿಂದ ಆರಂಭ. ನಾಯಕ್ 25,500, ಹವಾಲ್ದಾರ್ 29,200, ನಾಯಬ್ ಸುಬೇದಾರ್ 35,400, ಸುಬೇದಾರ್ 44,900, ಸುಬೇದಾರ್ ಮೇಜರ್ 47,600. ಹತ್ತನೇ ಹಂತದ ಲೆಫ್ಟಿನೆಂಟ್ 56,100ರಿಂದ ಶುರು ಮಾಡುತ್ತಾನೆ. ಸೈನ್ಯದ ಕಷ್ಟಕ್ಕೆಂದೇ ಕೊಡುವ ಮಿಲಿಟರಿ ಸರ್ವಿಸ್ ಪೇ ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗೆ 5,200. ಲೆಫ್ಟಿನೆಂಟ್‌ನಿಂದ ಬ್ರಿಗೇಡಿಯರ್‌ವರೆಗಿನ ಅಧಿಕಾರಿಗೆ 15,500. ಹೊಣೆ ಹೆಚ್ಚಿದಂತೆ ಮೂಲ ವೇತನ ಹೆಚ್ಚಲಿ, ಅದು ನ್ಯಾಯ. ಸಿಯಾಚಿನ್‌ನ ಚಳಿ ಮಾತ್ರ ಇಬ್ಬರಿಗೂ ಒಂದೇ.

ಇಸಿಎಚ್‌ಎಸ್ ಹುಟ್ಟಿದ್ದು 2003ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನಿವೃತ್ತರು ಮಿಲಿಟರಿ ಆಸ್ಪತ್ರೆಯಲ್ಲಿ ಜಾಗವಿದ್ದರೆ ಮಲಗಬೇಕಿತ್ತು, ಇಲ್ಲವಾದರೆ ಕೈಯಿಂದ ಹಣ ಹಾಕಬೇಕಿತ್ತು. ಕರಾವಳಿಯವರಿಗೆ ಕಷ್ಟ ಇನ್ನೂ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಮಿಲಿಟರಿ ಆಸ್ಪತ್ರೆಯೇ ಇಲ್ಲ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಹೋಗುವುದೆಂದರೆ ಘಟ್ಟ ಹತ್ತಬೇಕು. ನೌಕಾಪಡೆಯ ಪತಂಜಲಿ ಆಸ್ಪತ್ರೆ ಇರುವುದು ಕಾರವಾರದಲ್ಲಿ.

ಹೊಸ ಯೋಜನೆಯಲ್ಲಿ ಒಮ್ಮೆ ವಂತಿಗೆ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಜೀವನಪೂರ್ತಿ ಚಿಕಿತ್ಸೆ. 1996ಕ್ಕೆ ಮುಂಚೆ ನಿವೃತ್ತರಾದವರು ಕಟ್ಟಬೇಕಾಗಿಲ್ಲ. 2017ರ ಕೊನೆಯಲ್ಲಿ ಪರಿಷ್ಕರಿಸಿದ ದರದಂತೆ ಹವಾಲ್ದಾರ್‌ವರೆಗೆ 30,000, ಸುಬೇದಾರ್‌ಗಳ ದರ್ಜೆಗೆ 67,000, ಅಧಿಕಾರಿಗಳಿಗೆ 1,20,000 ರೂಪಾಯಿ. ವಾರ್ಡು ಕೂಡ ಅದೇ ಏಣಿಯಂತೆ: ಹವಾಲ್ದಾರರಿಗೆ ಜನರಲ್, ಸುಬೇದಾರರಿಗೆ ಸೆಮಿ ಪ್ರೈವೇಟ್, ಅಧಿಕಾರಿಗೆ ಪ್ರೈವೇಟ್. ಔಷಧಿ, ಶಸ್ತ್ರಚಿಕಿತ್ಸೆಯಲ್ಲಿ ಭೇದವಿಲ್ಲ. ಆದರೂ ಸಮವಸ್ತ್ರ ಕಳಚಿ ಮೂವತ್ತು ವರ್ಷವಾದ ಮುದುಕನ ಮಂಚ ಯಾವ ಕೋಣೆಯಲ್ಲಿರಬೇಕೆಂದು ಅವನ ಹಳೆಯ ದರ್ಜೆಯೇ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಇಸಿಎಚ್‌ಎಸ್‌ನಲ್ಲಿ ಚಿಕಿತ್ಸೆ ಪಡೆಯುವ ಕ್ರಮ ಹೀಗೆ. ಚಾರ್ಮಾಡಿಯ ನಿವೃತ್ತ ಹವಾಲ್ದಾರರಿಗೆ ಎದೆನೋವೆನ್ನಿ. ತುರ್ತಾದರೆ ಯಾವ ಆಸ್ಪತ್ರೆಗಾದರೂ ನೇರ ಓಡಬಹುದು, ಆದರೆ ಎರಡು ದಿನದೊಳಗೆ ಯೋಜನೆಯ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ತುರ್ತಲ್ಲದಿದ್ದರೆ ಬೆಳಿಗ್ಗೆಯೇ ಬಸ್ಸು ಹಿಡಿದು ಉಜಿರೆ, ಗುರುವಾಯನಕೆರೆ, ಪುಂಜಾಲಕಟ್ಟೆ, ಬಿ.ಸಿ.ರೋಡು ದಾಟಿ ಮಂಗಳೂರಿನ ಪಾಲಿಕ್ಲಿನಿಕ್ ಮುಟ್ಟಬೇಕು, ಹತ್ತಿರ ಹತ್ತಿರ 80 ಕಿಲೋಮೀಟರ್. ಕಾರ್ಡು ತೋರಿಸಿ ಟೋಕನ್, ವೈದ್ಯರು, ಬೇಕಾದರೆ ರೆಫರಲ್ ಚೀಟಿ. ಆ ಚೀಟಿ ಇದ್ದರೆ ಒಪ್ಪಂದದಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ದಾಖಲು. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗೂ ಇದೇ ದಾರಿ. ಮೂಡುಬಿದಿರೆಯವರು ಕೈಕಂಬ, ಗುರುಪುರದ ಮೇಲೆ ಬರುತ್ತಾರೆ. ಅವರ ದೂರ ಇದರ ಅರ್ಧ. ಪ್ಲಾಸ್ಟಿಕ್ ಲಕೋಟೆಯಲ್ಲಿ ಪಿಂಚಣಿ ಆದೇಶ, ಡಿಸ್ಚಾರ್ಜ್ ಪುಸ್ತಕ, ಹಳೆಯ ಇಸಿಜಿ ಹಿಡಿದ ಮುದುಕರಿಗೆ ಇದು ಇಡೀ ದಿನದ ಕೆಲಸ. ಬೆಳ್ತಂಗಡಿ ಕಡೆಗೆ ವಾರಕ್ಕೊಂದು ಸಂಚಾರಿ ಕ್ಲಿನಿಕ್ ಬಂದರೂ ಸಾಕಿತ್ತು.

ಇಷ್ಟಾದರೂ ಕಾರ್ಡಿದ್ದವರು ಪುಣ್ಯವಂತರು. 2003ರ ಯೋಜನೆ ಪಿಂಚಣಿದಾರರಿಗೆ ಮಾತ್ರ ಎಂದು ಗೆರೆ ಎಳೆದಿತ್ತು. ಮಹಾಯುದ್ಧದವರು, ಚೀನಾ ಯುದ್ಧದ ಕಾಲದಲ್ಲಿ ತುರ್ತಾಗಿ ಸೇರಿಸಿಕೊಂಡ ಎಮರ್ಜೆನ್ಸಿ ಕಮಿಷನ್ ಅಧಿಕಾರಿಗಳು, ಶಾರ್ಟ್ ಸರ್ವಿಸ್‌ನವರು ಎಲ್ಲ ಗೆರೆಯ ಹೊರಗೆ. 2019ರಲ್ಲಿ ಆ ಗೆರೆ ಅಳಿಸಿದಾಗ 43,000ಕ್ಕೂ ಹೆಚ್ಚು ಜನರಿಗೆ ಉಪಯೋಗವಾಗುತ್ತದೆ ಎಂದಿತು ಸರ್ಕಾರ. ಅಷ್ಟರೊಳಗೆ ತೀರಿಹೋದವರ ಲೆಕ್ಕ ಯಾವ ಆದೇಶದಲ್ಲೂ ಇರುವುದಿಲ್ಲ.

ಮೂರೇ ವರ್ಷ ಕಳೆದು, 2022ರ ಜೂನ್ 14ರಂದು, ಸೈನ್ಯಭರ್ತಿಯ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ. ನಾಲ್ವರಲ್ಲಿ ಒಬ್ಬರಿಗಷ್ಟೇ ಖಾಯಂ ಆಗುವ ಅವಕಾಶ. ಉಳಿದವರಿಗೆ ಸೇವಾನಿಧಿಯ ಗಂಟು ಇದೆ, ಪಿಂಚಣಿ ಇಲ್ಲ, ಇಸಿಎಚ್‌ಎಸ್ ಕೂಡ ಇಲ್ಲ. ನೌಕಾಪಡೆಯ ಮೊದಲ ತಂಡ ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ತರಬೇತಿಗೆ ಹೋದದ್ದು 2022ರ ನವೆಂಬರ್‌ನಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಸೇನೆಯಲ್ಲೇ ಮೊಣಕಾಲು ಸವೆಸಿಕೊಂಡು ನಮ್ಮೂರಿಗೆ ಮರಳುವ ಹುಡುಗನ ಚಿಕಿತ್ಸೆ ಯಾರ ಲೆಕ್ಕಕ್ಕೆ ಬರೆಯುವುದೆಂದು ತೀರ್ಮಾನಿಸಲು ಈ ಸಲ ಮತ್ತೆ 74 ವರ್ಷ ಬೇಕಾಗಬಾರದು.