1948: ಬರಿಗಾಲಲ್ಲಿ ಲಂಡನ್ನಿಗೆ ಹೋದ ಬೆಂಗಳೂರಿನ ಹುಡುಗರು

ವಿಶ್ವಕಪ್ ಬಂದಾಗ ನಮ್ಮ ಊರುಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾ ಬಾವುಟಗಳು ಹಾರುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಪಂದ್ಯ ನೋಡುವ ಯುವಕರಿಗೆ ಮೆಸ್ಸಿಯ ಮಗನ ಹೆಸರೂ ಗೊತ್ತಿರುತ್ತದೆ. ಆದರೆ ಸ್ವತಂತ್ರ ಭಾರತದ ಪರವಾಗಿ ಮೊಟ್ಟಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದವರು ಬೆಂಗಳೂರಿನವರು ಎಂಬುದು ಎಷ್ಟು ಜನರಿಗೆ ಗೊತ್ತು? ಅವರ ಹೆಸರು ಸಾರಂಗಪಾಣಿ ರಾಮನ್. ವರ್ಷ 1948. ಆ ಒಂದು ವರ್ಷದಲ್ಲಿ ಜಗತ್ತಿನ ಫುಟ್‌ಬಾಲ್‌ನಲ್ಲಿ ಏನಾಯಿತು, ಅದರಲ್ಲಿ ನಮ್ಮವರ ಪಾಲು ಏನು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಎರಡನೇ ಮಹಾಯುದ್ಧದ ಕಾರಣ 1938ರ ನಂತರ ವಿಶ್ವಕಪ್ ನಡೆದಿರಲಿಲ್ಲ. ಮುಂದಿನದು ನಡೆದದ್ದು 1950ರಲ್ಲಿ. ಹೀಗಾಗಿ 1948ರ ಲಂಡನ್ ಒಲಿಂಪಿಕ್ಸ್ ಫುಟ್‌ಬಾಲ್ ಯುದ್ಧಾನಂತರ ಹಲವು ದೇಶಗಳು ಒಂದೆಡೆ ಸೇರಿದ ಮೊದಲ ದೊಡ್ಡ ಪಂದ್ಯಾವಳಿಯಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಬ್ಲ್ಯಾಕ್‌ಪೂಲ್ ತಂಡವನ್ನು 4-2ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಿತು. ಅದರ ಮ್ಯಾನೇಜರ್ ಮ್ಯಾಟ್ ಬಸ್ಬಿ ಅವರೇ ಬ್ರಿಟನ್ನಿನ ಒಲಿಂಪಿಕ್ ತಂಡಕ್ಕೂ ತರಬೇತುದಾರರು. ಇಟಲಿಯಲ್ಲಿ ಟೊರಿನೊ ತಂಡ ಲೀಗ್ ಗೆದ್ದಿತು. ಮರುವರ್ಷ ಮೇ 4ರಂದು ಆ ಇಡೀ ತಂಡವೇ ವಿಮಾನ ದುರಂತದಲ್ಲಿ ಇಲ್ಲವಾಯಿತು. ದಕ್ಷಿಣ ಅಮೆರಿಕದ ಕ್ಲಬ್ಬುಗಳು ಚಿಲಿಯ ಸಾಂತಿಯಾಗೊದಲ್ಲಿ ಸೇರಿ ಆಡಿದಾಗ ಬ್ರೆಜಿಲ್‌ನ ವಾಸ್ಕೊ ಡ ಗಾಮ ತಂಡ ಗೆದ್ದಿತು.

ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬದ ಭಾರತ ಲಂಡನ್ನಿಗೆ ತಂಡ ಕಳುಹಿಸಿತು. ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವೊ ನಾಯಕ, ಬಲೈದಾಸ್ ಚಟರ್ಜಿ ತರಬೇತುದಾರ. ಬಂಗಾಳದ ಪ್ರಾಬಲ್ಯವಿದ್ದ ಆ ಕಾಲದಲ್ಲೂ ಮೈಸೂರು ಸಂಸ್ಥಾನದ ಆಟಗಾರರಿಗೆ ತಂಡದಲ್ಲಿ ದೊಡ್ಡ ಪಾಲು ಸಿಕ್ಕಿತು: ಗೋಲ್‌ಕೀಪರ್ ಕೆ.ವಿ. ವರದರಾಜ್, ಮುನ್ನಡೆ ಆಟಗಾರರಾದ ರಾಮನ್, ಅಹ್ಮದ್ ಖಾನ್, ಧನರಾಜ್ ಮುಂತಾದವರು. ಇದೇನೂ ದಯೆಯಿಂದ ಸಿಕ್ಕ ಸ್ಥಾನವಲ್ಲ. 1946-47ರಲ್ಲಿ ಮೈಸೂರು ತಂಡ ಬೆಂಗಳೂರಿನಲ್ಲಿಯೇ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನಿಕ ತಂಡಗಳೇ ಗೆಲ್ಲುತ್ತಿದ್ದ ಕಾಲದಲ್ಲಿ, 1937ರಲ್ಲಿ, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು. 1948ರಲ್ಲಿ ಮೋಹನ್ ಬಾಗಾನ್ ತಂಡವನ್ನೇ ಸೋಲಿಸಿ ಮೂರನೆಯ ಸಲವೂ ಗೆದ್ದರು.

ಮೊದಲ ಸುತ್ತಿನಲ್ಲಿ ಎದುರಾಳಿ ಬರ್ಮಾ ಹಿಂದೆ ಸರಿದುದರಿಂದ ಭಾರತಕ್ಕೆ ಆಡದೆಯೇ ಮುನ್ನಡೆ ಸಿಕ್ಕಿತು. ಜುಲೈ 31ರಂದು ಲಂಡನ್ನಿನ ಪೂರ್ವ ಅಂಚಿನ ಇಲ್‌ಫರ್ಡ್ ಮೈದಾನದಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ಸೋತವರು ಮನೆಗೆ ಹೋಗಬೇಕಾದ ನಾಕ್‌ಔಟ್ ಪದ್ಧತಿ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಮೈದಾನಕ್ಕೆ ಇಳಿದರು. ಕೆಲವರು ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು. ಇಂಗ್ಲಿಷ್ ಪ್ರೇಕ್ಷಕರಿಗೆ ಇದೊಂದು ವಿಚಿತ್ರ. ನಿಜವಾಗಿ ಇದು ಬಡತನದ ಮಾತು ಮಾತ್ರವಲ್ಲ. ವರ್ಷದ ಹೆಚ್ಚು ಕಾಲ ಒಣಗಿ ಗಟ್ಟಿಯಾಗಿರುವ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಹಿಡಿತ ಚೆನ್ನಾಗಿ ಸಿಗುತ್ತದೆ, ತಿರುಗುವುದೂ ಸುಲಭ. ಚಿಕ್ಕಂದಿನಿಂದ ಹಾಗೆ ಆಡಿದವನಿಗೆ ಬೂಟು ಭಾರವೇ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೆಸರುಗದ್ದೆಯಂಥ ಮೈದಾನದಲ್ಲಿ ಬರಿಗಾಲಲ್ಲಿ ಆಡಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು: ನೆಲ ಒದ್ದೆಯಾದರೆ ಬರಿಗಾಲು ಜಾರುತ್ತದೆ, ಬೂಟಿನ ಮುಳ್ಳುಗಳು ನೆಲವನ್ನು ಕಚ್ಚಿಕೊಳ್ಳುತ್ತವೆ.

ಮೊದಲ ಅರ್ಧದಲ್ಲಿ ಫ್ರಾನ್ಸಿನ ಕೂರ್ಬಿನ್ ಗೋಲು ಹೊಡೆದರು. 70ನೇ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿಗಳೂ ದೊರೆತಿದ್ದವು. ಶೈಲೇನ್ ಮನ್ನಾ ಮತ್ತು ಮಹಾವೀರ್ ಪ್ರಸಾದ್ ಹೊಡೆದ ಆ ಎರಡೂ ಗೋಲಾಗಲಿಲ್ಲ. ಮುಗಿಯಲು ಇನ್ನೇನು ಒಂದು ನಿಮಿಷ ಇರುವಾಗ ಪೆರ್ಸಿಯೊನ್ ಹೊಡೆದ ಗೋಲಿನಿಂದ ಫ್ರಾನ್ಸ್ 2-1ರಿಂದ ಗೆದ್ದಿತು. ಎರಡರಲ್ಲಿ ಒಂದು ಪೆನಾಲ್ಟಿ ಒಳಗೆ ಹೋಗಿದ್ದರೂ ಕಥೆ ಬೇರೆಯಾಗುತ್ತಿತ್ತು ಎಂದು ಈಗ ಕುಳಿತು ಹೇಳುವುದು ಸುಲಭ. ಮುಂದಿನ ಸುತ್ತಿನಲ್ಲಿ ಫ್ರಾನ್ಸ್ ಬ್ರಿಟನ್ ಎದುರು 0-1ರಿಂದ ಸೋತಿತು. ಅದೇ ದಿನ ಕೊರಿಯಾ ತಂಡ ಸ್ವೀಡನ್ ಎದುರು 0-12ರಿಂದ ಸೋತದ್ದನ್ನು ನೆನೆದರೆ ನಮ್ಮವರ 1-2 ಎಷ್ಟು ಗೌರವದ ಸೋಲು ಎಂಬುದು ತಿಳಿಯುತ್ತದೆ. ಇದೇ ಪ್ರವಾಸದಲ್ಲಿ ಭಾರತ ತಂಡ ನೆದರ್ಲೆಂಡ್ಸಿನ ಅಯಾಕ್ಸ್ ಕ್ಲಬ್ಬನ್ನು ಸೋಲಿಸಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂಬ ಕಾರಣಕ್ಕೆ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಪ್ರಬಂಧ ಸ್ಪರ್ಧೆಗಳಲ್ಲೂ ಬರೆಯುತ್ತಾರೆ. ಇದು ಸರಿಯಲ್ಲ. ಬ್ರೆಜಿಲ್‌ನವರು ಪ್ರಯಾಣದ ಖರ್ಚಿನ ಬಹುಭಾಗವನ್ನು ಕೊಡಲು ಸಿದ್ಧರಿದ್ದರು. ತಂಡದ ಆಯ್ಕೆಯ ಬಗ್ಗೆ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು ಎಂಬ ನೆಪ ಮತ್ತು ಒಲಿಂಪಿಕ್ಸೇ ಮುಖ್ಯ, ವಿಶ್ವಕಪ್ ಅಷ್ಟೇನೂ ಮುಖ್ಯವಲ್ಲ ಎಂಬ ಅಂದಿನ ಅಧಿಕಾರಿಗಳ ಭಾವನೆ, ಇವೇ ಕಾರಣಗಳು. ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದ ಮೇಲೆ. ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್.

1948ರ ಚಿನ್ನದ ಪದಕ ಗೆದ್ದದ್ದು ಸ್ವೀಡನ್. ಆಗಸ್ಟ್ 13ರಂದು ವೆಂಬ್ಲಿಯಲ್ಲಿ ಯುಗೊಸ್ಲಾವಿಯವನ್ನು 3-1ರಿಂದ ಸೋಲಿಸಿದರು. ಗ್ರೆನ್, ನೂರ್ಡಾಲ್, ಲಿಡ್‌ಹೋಮ್ ಎಂಬ ಮೂವರು ಆ ತಂಡದ ಜೀವಾಳ. ಪದಕ ಗೆದ್ದು ಒಂದು ವರ್ಷ ಕಳೆಯುವಷ್ಟರಲ್ಲಿ ಮೂವರನ್ನೂ ಇಟಲಿಯ ಮಿಲಾನ್ ಕ್ಲಬ್ ಹಣ ಕೊಟ್ಟು ಕರೆದುಕೊಂಡು ಹೋಯಿತು. ಹಣ ಪಡೆದು ಆಡುವವರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗವಿಲ್ಲ ಎಂಬುದು ಸ್ವೀಡನ್ನಿನ ನಿಯಮವಾದ್ದರಿಂದ ದೇಶಕ್ಕೆ ಅವರು ಇಲ್ಲವಾದರು.

ನಮ್ಮಲ್ಲೂ ಆದದ್ದು ಇದೇ, ದೂರ ಮಾತ್ರ ಕಡಿಮೆ. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಆ ವರ್ಷಗಳಲ್ಲಿ ದಕ್ಷಿಣದ ಆಟಗಾರರನ್ನು ಒಬ್ಬೊಬ್ಬರಾಗಿ ಸೆಳೆದುಕೊಂಡಿತು. ಅಲ್ಲಿನ ಮುನ್ನಡೆ ಸಾಲಿನ ಐವರನ್ನು ಬಂಗಾಳಿಗಳು ‘ಪಂಚಪಾಂಡವರು’ ಎಂದು ಕರೆದರು: ವೆಂಕಟೇಶ್, ಅಪ್ಪಾ ರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಐವರ ಬಲದಿಂದ ಈಸ್ಟ್ ಬೆಂಗಾಲ್ 1949, 1950, 1951ರಲ್ಲಿ ಸತತ ಮೂರು ಸಲ ಐ.ಎಫ್.ಎ. ಶೀಲ್ಡ್ ಗೆದ್ದಿತು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದ ಅಹ್ಮದ್ ಖಾನ್ ಅವರಿಗೆ ಅಲ್ಲಿ ‘ಹಾವಾಡಿಗ’ ಎಂಬ ಹೆಸರು ಬಿತ್ತು. ಅವರು ಹೋದದ್ದನ್ನು ತಪ್ಪೆನ್ನಲಾಗದು. ಹೊಟ್ಟೆಪಾಡು, ಕೀರ್ತಿ ಎರಡೂ ಕಲ್ಕತ್ತದಲ್ಲಿದ್ದವು.

ಆದರೆ ಹೋದವರ ಜಾಗಕ್ಕೆ ಬರುವವರು ಎಷ್ಟು ಜನ ಇದ್ದರು ಎಂಬುದೇ ಪ್ರಶ್ನೆ. ಮೂವರನ್ನು ಕಳೆದುಕೊಂಡ ಸ್ವೀಡನ್ 1950ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆಯಿತು. 1958ರಲ್ಲಿ ನಿಯಮ ಸಡಿಲಿಸಿ ಗ್ರೆನ್, ಲಿಡ್‌ಹೋಮ್ ಇಬ್ಬರನ್ನೂ ಮರಳಿ ಕರೆದು ವಿಶ್ವಕಪ್ ಫೈನಲ್ ತಲುಪಿತು. ಅಲ್ಲಿ ಸಣ್ಣ ಊರುಗಳಲ್ಲೂ ಕ್ಲಬ್ಬುಗಳಿದ್ದವು. ನಮ್ಮಲ್ಲಿ ಅಂಗಿಯ ಮೇಲೆ ‘ಮೈಸೂರು’ ಎಂದಿದ್ದರೂ ಆಟದ ಬೇರು ಇದ್ದದ್ದು ಮುಖ್ಯವಾಗಿ ಬೆಂಗಳೂರಿನ ದಂಡು ಪ್ರದೇಶದಲ್ಲಿ. ಬ್ರಿಟಿಷ್ ಪಡೆಗಳ ಆಟ ನೋಡಿ ಕಲಿತ ಸುತ್ತಲಿನ ಬಡಾವಣೆಗಳ ಹುಡುಗರು, ಮುಸ್ಲಿಮರು, ತಮಿಳರು, ಕ್ರೈಸ್ತರು, ಆ ಆಟವನ್ನು ತಮ್ಮದಾಗಿಸಿಕೊಂಡರು. ಗೌತಮಪುರದ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ ಜನ ಅವರ ನೆರೆಹೊರೆಯವರೇ. ಅಲ್ಲಿಂದ ಮೈಸೂರು ರಸ್ತೆ ಹಿಡಿದು ಸುಮಾರು 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಆ ತಾಲ್ಲೂಕಿನ ಬೈರಾಪಟ್ಟಣದಂಥ ಊರಿನಲ್ಲಿ ಚುರುಕು ಕಾಲಿನ ಹುಡುಗನೊಬ್ಬ ಅಂದು ಇದ್ದನೆಂದು ಭಾವಿಸಿ. ಅವನನ್ನು ನೋಡಿ ಆರಿಸಿ ಬೆಂಗಳೂರಿನ ಮೈದಾನಕ್ಕೆ ಕರೆದೊಯ್ಯುವ ಏರ್ಪಾಡು ಯಾವುದಿತ್ತು? ಶಾಲಾ ತಂಡ, ತಾಲ್ಲೂಕು ಲೀಗ್, ಜಿಲ್ಲಾ ತಂಡ ಎಂಬ ಮೆಟ್ಟಿಲುಗಳಿಲ್ಲದೆ ಪ್ರತಿಭೆ ಇದ್ದಲ್ಲೇ ಉಳಿಯುತ್ತದೆ. ಇಂದಿಗೂ ಎಷ್ಟೋ ಊರುಗಳ ಸ್ಥಿತಿ ಇದಕ್ಕಿಂತ ತೀರಾ ಬೇರೆಯಲ್ಲ. ಈಗ ಆ ಹುಡುಗನ ಕೈಯಲ್ಲಿ ಕ್ರಿಕೆಟ್ ಬ್ಯಾಟು ಇರುತ್ತದೆ, ಅಷ್ಟೆ.

ಹಾಗೆಂದು ಎಲ್ಲವೂ ತಕ್ಷಣ ಬತ್ತಿಹೋಗಲಿಲ್ಲ. ಮೈಸೂರು 1952-53ರಲ್ಲಿ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಆಸ್ಟ್ರೇಲಿಯ ವಿರುದ್ಧ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಅವರ ಹೆಸರನ್ನು ನಮ್ಮ ಹಿರಿಯರು ಈಗಲೂ ಹೇಳುವುದುಂಟು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಆಡಿದರು. ಎಚ್.ಎ.ಎಲ್., ಐ.ಟಿ.ಐ.ನಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. 1967-68 ಮತ್ತು 1968-69ರಲ್ಲಿ ಸತತ ಎರಡು ಸಲ ಸಂತೋಷ್ ಟ್ರೋಫಿ ನಮ್ಮದಾಯಿತು.

ಆಮೇಲೆ 54 ವರ್ಷ ಇಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಐದನೆಯ ಬಾರಿ ಆ ಟ್ರೋಫಿಯನ್ನು ಎತ್ತಿತು. ಸುನಿಲ್ ಕುಮಾರ್, ಬೇಕಿ ಓರಂ, ರಾಬಿನ್ ಯಾದವ್ ಗೋಲು ಹೊಡೆದವರು. ರವಿ ಬಾಬು ರಾಜು ತರಬೇತುದಾರರು. ಲಂಡನ್ನಿಗೆ ಹೋಗಿದ್ದ ಅಹ್ಮದ್ ಖಾನ್ ತಮ್ಮ 90ನೇ ವಯಸ್ಸಿನಲ್ಲಿ, 2017ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡಿದ್ದರು.